ಲೀಟರಿಗೆ ಎಷ್ಟು, ಯೂನಿಟ್ಟಿಗೆ ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮೈಲೇಜಿನವು. ಕೆಳಗಿನ ಎಲ್ಲ ಲೆಕ್ಕಗಳಿಗೂ ಆಧಾರ ಒಂದೇ ಕೋಷ್ಟಕ: ಶುದ್ಧ ಪೆಟ್ರೋಲ್ ಲೀಟರಿಗೆ ಸುಮಾರು 32 ಮೆಗಾಜೂಲ್ ಶಕ್ತಿ, ಈಗ ಬಂಕಿನಲ್ಲಿ ಸಿಗುವ ಇ20 (ಶೇ 20 ಎಥೆನಾಲ್ ಬೆರೆತ) ಪೆಟ್ರೋಲ್ ಸುಮಾರು 30, ಡೀಸೆಲ್ ಸುಮಾರು 36. ಕರೆಂಟಿನ ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ಅಂದರೆ ಒಂದು ಲೀಟರ್ ಡೀಸೆಲ್ಲಿನಲ್ಲಿ 10 ಯೂನಿಟ್ ಅಡಗಿದೆ. ಚಕ್ರಕ್ಕೆ ತಲುಪುವುದು ಅದರಲ್ಲಿ ಮೂರನೇ ಒಂದು ಭಾಗದ ಆಸುಪಾಸು ಮಾತ್ರ.

ಪ್ರಶ್ನೆ (ಮಂಡ್ಯ): ನನ್ನದು 1.2 ಲೀಟರ್ ಪೆಟ್ರೋಲ್ ಕಾರು. ಬೆಂಗಳೂರಿಗೆ ಹಳೇ ರಸ್ತೆಯಲ್ಲಿ ಊರೂರು ನಿಂತು ಹೋದರೂ 19 ಬರುತ್ತಿತ್ತು. ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೂ ಸಿಗ್ನಲ್ ಇಲ್ಲ, ಬ್ರೇಕ್ ಮುಟ್ಟುವುದೇ ಇಲ್ಲ, ಆದರೂ 17. ಗಾಡಿಯಲ್ಲಿ ತೊಂದರೆ ಇದೆಯೇ?

ಉತ್ತರ: ಗಾಡಿ ಸರಿಯಾಗಿಯೇ ಇದೆ. ನಿಮ್ಮ ಎರಡೂ ಅಂಕಿಗಳನ್ನು ಲೆಕ್ಕದಿಂದಲೇ ಪಡೆಯಬಹುದು.

ಸಮ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಕಾರನ್ನು ತಡೆಯುವ ಬಲಗಳು ಎರಡು. ಮೊದಲನೆಯದು ಟೈರಿನ ಉರುಳು ಘರ್ಷಣೆ. ಅದು ತೂಕದ ಸುಮಾರು ಶೇ 1.2ರಷ್ಟು ಇರುತ್ತದೆ, ವೇಗದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಇಬ್ಬರು ಕೂತ ನಿಮ್ಮ ಕಾರು 1,250 ಕೆ.ಜಿ. ಎಂದುಕೊಂಡರೆ 1,250ನ್ನು 9.81ರಿಂದಲೂ 0.012ರಿಂದಲೂ ಗುಣಿಸಿ: 147 ನ್ಯೂಟನ್. ಎರಡನೆಯದು ಗಾಳಿ. ಗಾಳಿಯ ಸಾಂದ್ರತೆಯ ಅರ್ಧವನ್ನು ಕಾರಿನ ಆಕಾರದ ಗುಣಾಂಕ, ಎದುರು ವಿಸ್ತೀರ್ಣ ಮತ್ತು ವೇಗದ ವರ್ಗದಿಂದ ಗುಣಿಸಬೇಕು. ಮಂಡ್ಯ, ಬೆಂಗಳೂರಿನ ಎತ್ತರದಲ್ಲಿ ಗಾಳಿ ಘನ ಮೀಟರಿಗೆ ಸುಮಾರು 1.07 ಕೆ.ಜಿ. (ಮಂಗಳೂರಿನಲ್ಲಿ 1.15ರ ಹತ್ತಿರ). ಸಣ್ಣ ಕಾರಿಗೆ ಆಕಾರ ಗುಣಾಂಕ 0.32, ವಿಸ್ತೀರ್ಣ 2.2 ಚದರ ಮೀಟರ್, ಎರಡೂ ಸೇರಿ 0.70. ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲೇ ಹಾಕಿ, ಅಂದರೆ ಗಂಟೆಯ ಕಿ.ಮೀ.ಯನ್ನು 3.6ರಿಂದ ಭಾಗಿಸಿ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಹೀಗೆ ಮಾಡಿದರೆ ಗಾಳಿಯ ತಡೆ 60ರಲ್ಲಿ 104 ನ್ಯೂಟನ್, 80ರಲ್ಲಿ 185, 100ರಲ್ಲಿ 289. ಟೈರಿನ 147 ಸೇರಿದಾಗ ಒಟ್ಟು ಕ್ರಮವಾಗಿ 251, 332, 436. ಇಲ್ಲೊಂದು ಅನುಕೂಲವಿದೆ: ಒಂದು ನ್ಯೂಟನ್ ತಡೆಯ ವಿರುದ್ಧ ಒಂದು ಕಿ.ಮೀ. ಹೋಗಲು ಸರಿಯಾಗಿ ಒಂದು ಕಿಲೋಜೂಲ್ ಬೇಕು. ಹಾಗಾಗಿ 100ರ ವೇಗದಲ್ಲಿ ನೂರು ಕಿ.ಮೀ.ಗೆ ಚಕ್ರದ ಬಳಿ ಬೇಕಾದದ್ದು 43.6 ಮೆಗಾಜೂಲ್. ಎಂಜಿನ್ನಿನಿಂದ ಚಕ್ರದವರೆಗಿನ ದಕ್ಷತೆ ಆ ವೇಗದಲ್ಲಿ ಶೇ 27 ಎಂದು ಹಿಡಿದರೆ ಟ್ಯಾಂಕಿನಿಂದ 161 ಮೆಗಾಜೂಲ್, ಅಂದರೆ ಇ20 ಪೆಟ್ರೋಲ್ 5.4 ಲೀಟರ್. ಎಸಿ ಕಂಪ್ರೆಸರ್ ಒಂದು ಕಿಲೋವ್ಯಾಟ್ ಎಳೆದರೆ ಇನ್ನು 0.4 ಲೀಟರ್. ಒಟ್ಟು 5.8, ಲೀಟರಿಗೆ 17 ಕಿ.ಮೀ.

ಹಳೇ ರಸ್ತೆಯದು ನೋಡಿ. 60ರಲ್ಲಿ 251 ನ್ಯೂಟನ್ ಮಾತ್ರ. ಹಗುರ ಕೆಲಸದಲ್ಲಿ ಪೆಟ್ರೋಲ್ ಎಂಜಿನ್ ಅಷ್ಟು ದಕ್ಷವಲ್ಲ, ಶೇ 22 ಹಿಡಿಯೋಣ: ನೂರು ಕಿ.ಮೀ.ಗೆ 3.8 ಲೀಟರ್. 60ರಿಂದ ಒಮ್ಮೆ ನಿಂತು ಮತ್ತೆ 60ಕ್ಕೆ ಏರಲು ಸುಮಾರು 24 ಮಿಲಿ ಲೀಟರ್ ಬೇಕು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಂದು ನೂರು ಕಿ.ಮೀ.ಗೆ 28 ಸಲ ನಿಂತರೂ 0.7 ಲೀಟರ್ ಅಷ್ಟೇ. ನಿಧಾನಕ್ಕೆ ಹೋಗುವುದರಿಂದ ಎಸಿ ಹೆಚ್ಚು ಹೊತ್ತು ಓಡುತ್ತದೆ, ಅದಕ್ಕೆ 0.9. ಒಟ್ಟು 5.4 ಲೀಟರ್, ಲೀಟರಿಗೆ 18.5. ನಿಮ್ಮ 19ಕ್ಕೆ ಹತ್ತಿರವೇ.

ಬ್ರೇಕಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚನ್ನು ಗಾಳಿಗೆ ಕೊಡುತ್ತಿದ್ದೀರಿ. ಎಕ್ಸ್‌ಪ್ರೆಸ್‌ವೇಯಲ್ಲೇ 80ರಲ್ಲಿ ಹೋದರೆ ಎಸಿ ಸಮೇತ ಲೀಟರಿಗೆ 20ರ ಮೇಲೆ ಬರಬೇಕು. ಮಂಡ್ಯದಿಂದ ಬೆಂಗಳೂರಿಗೆ ಹೆಚ್ಚಾಗುವ ಸಮಯ ಕಾಲು ಗಂಟೆ. ಬರದಿದ್ದರೆ ಆಗ ಟೈರಿನ ಗಾಳಿ ನೋಡಿ: 30 ಪಿಎಸ್‌ಐ ಇರಬೇಕಾದಲ್ಲಿ 24 ಇದ್ದರೆ ಉರುಳು ಘರ್ಷಣೆ ಸುಮಾರು ಶೇ 9 ಏರುತ್ತದೆ, ಒಟ್ಟು ಖರ್ಚಿಗೆ ಶೇ 4ರಷ್ಟು ಸೇರುತ್ತದೆ. ತಿರುಪತಿಗೆ ಹೋದಾಗ ಹಾಕಿಸಿದ ಮೇಲಿನ ಕ್ಯಾರಿಯರ್ ಇನ್ನೂ ಹಾಗೇ ಇದ್ದರೆ ಬಿಚ್ಚಿಡಿ. ಖಾಲಿ ಇದ್ದರೂ ಅದು ಗಾಳಿಯನ್ನು ತಡೆಯುತ್ತದೆ.

ಪ್ರಶ್ನೆ (ಬೆಂಗಳೂರು, ಜಯನಗರ): ಕಂಪನಿ ಹೇಳಿದ ಮೈಲೇಜು 21. ನನಗೆ ಸಿಗುವುದು 12. ಪರೀಕ್ಷೆಯೇ ಸುಳ್ಳೇ?

ಉತ್ತರ: ಸುಳ್ಳಲ್ಲ, ಆ ಪರೀಕ್ಷೆ ನಿಮ್ಮ ರಸ್ತೆಯದ್ದಲ್ಲ. ಭಾರತದ ಪರೀಕ್ಷಾ ಚಕ್ರದಲ್ಲಿ ಕಾರನ್ನು ರೋಲರುಗಳ ಮೇಲೆ ಓಡಿಸುತ್ತಾರೆ. ಗರಿಷ್ಠ ವೇಗ 90, ಎಸಿ ಬಂದ್, ವೇಗ ಏರಿಸುವುದೂ ಬಹಳ ಮೆತ್ತಗೆ. ನಿಮ್ಮ ಸರಾಸರಿ ಗಂಟೆಗೆ 18 ಕಿ.ಮೀ. ಇದ್ದರೆ ಒಂದೇ ಕಿಲೋವ್ಯಾಟ್ ಎಸಿ ಪ್ರತಿ ಕಿ.ಮೀ.ಗೆ 200 ಕಿಲೋಜೂಲ್ ಕೇಳುತ್ತದೆ. ಅದೇ ಕಾರು 60ರಲ್ಲಿ ಸಾಗಲು ಚಕ್ರಕ್ಕೆ ಬೇಕಾದದ್ದು 251 ಎಂದು ಮೇಲೆ ನೋಡಿದೆವು. ಜತೆಗೆ ನಿಂತಲ್ಲೇ ಉರಿಯುವುದು ಬೇರೆ: ಸಣ್ಣ ಎಂಜಿನ್ ಎಸಿ ಇಲ್ಲದೆಯೂ ಗಂಟೆಗೆ 0.6ರಿಂದ 0.8 ಲೀಟರ್ ಕುಡಿಯುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಇಪ್ಪತ್ತು ನಿಮಿಷ ನಿಂತರೆ ಒಂದು ಅಡಿ ದೂರವೂ ಸಾಗದೆ ಕಾಲು ಲೀಟರ್ ಹೋಯಿತು. ಹೋಲಿಕೆಗೆ ಮಾತ್ರ ಆ 21 ಉಪಯೋಗಿ: ಎರಡು ಕಾರುಗಳಲ್ಲಿ ಯಾವುದು ಕಡಿಮೆ ಕುಡಿಯುತ್ತದೆ ಎಂದು ತಿಳಿಯಲು.

ಪ್ರಶ್ನೆ (ಚಿಕ್ಕಮಗಳೂರು): 2015ರ ಕಾರ್ಬುರೇಟರ್ ಬೈಕು. 50 ಕೊಡುತ್ತಿದ್ದದ್ದು ಈಗ 42. ಎಲ್ಲಾ ಎಥೆನಾಲ್ ಮಹಿಮೆ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧಕ್ಕಿಂತ ಕಡಿಮೆ ನಿಜ. ಎಥೆನಾಲಿನಲ್ಲಿ ಲೀಟರಿಗೆ ಸುಮಾರು 21 ಮೆಗಾಜೂಲ್ ಇದೆ, ಪೆಟ್ರೋಲಿನಲ್ಲಿ 32. ಶೇ 20 ಬೆರೆಸಿದಾಗ ಮಿಶ್ರಣ 29.8ಕ್ಕೆ ಇಳಿಯುತ್ತದೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇದು ಶೇ 7 ಕಡಿಮೆ. ಆದರೆ ಇ20ಗೆ ಮೊದಲು ನೀವು ಹಾಕಿಸುತ್ತಿದ್ದದ್ದು ಶುದ್ಧ ಪೆಟ್ರೋಲ್ ಆಗಿರಲಿಲ್ಲ, ಶೇ 10 ಬೆರೆತದ್ದು. ಅದರಲ್ಲಿ 30.9 ಇತ್ತು. ಆ ಲೆಕ್ಕದಲ್ಲಿ ಇಳಿಕೆ ಶೇ 3.5 ಮಾತ್ರ, 50 ಹೋಗಿ 48 ಆಗಬೇಕು. ನಿಮ್ಮದು ಶೇ 16 ಇಳಿದಿದೆ.

ಇಂಜೆಕ್ಷನ್ ಬೈಕಿನಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಂಧನ ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ, ಮಿಶ್ರಣ ತೆಳುವಾಗಿ ಎಳೆತ ಕಡಿಮೆಯಾಗುತ್ತದೆ, ಸವಾರ ಆಕ್ಸಿಲರೇಟರ್ ಹೆಚ್ಚು ತಿರುಗಿಸುತ್ತಾನೆ. ಇದೂ ಸ್ವಲ್ಪ ಪಾಲು. ಉಳಿದದ್ದನ್ನು ಗಾಡಿಯಲ್ಲಿ ಹುಡುಕಿ. ಮೇನ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ಕೆಲವು ಸುತ್ತು ತಿರುಗದೆ ಗಕ್ಕನೆ ನಿಂತರೆ ಬ್ರೇಕ್ ಶೂ ಹಿಡಿಯುತ್ತಿದೆ ಅಥವಾ ಚೈನ್ ಬಿಗಿ ಹೆಚ್ಚಾಗಿದೆ. ಏರಿನಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಏರ್ ಫಿಲ್ಟರ್ ನೋಡಿ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ಪೆಟ್ರೋಲ್ ವಾಸನೆ ಬಂದರೆ ಕಾರ್ಬುರೇಟರಿನ ಓ ರಿಂಗ್ ಮತ್ತು ರಬ್ಬರ್ ಪೈಪು ಪರೀಕ್ಷಿಸಿ. ಹಳೆಯ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ.

ಪ್ರಶ್ನೆ (ದಾವಣಗೆರೆ): ಎಲೆಕ್ಟ್ರಿಕ್ ಸ್ಕೂಟರ್, ಬಳಸಲು ಸಿಗುವ ಬ್ಯಾಟರಿ 2.9 ಯೂನಿಟ್. ಒಬ್ಬನೇ ಹೋದರೆ 95 ಕಿ.ಮೀ., ಹೆಂಡತಿಯೂ ಕೂತರೆ 80. ಕಂಪನಿ ಹೇಳಿದ್ದು 125. ಮೀಟರಿನಲ್ಲಿ ನೋಡಿದರೆ ಪ್ರತಿ ಚಾರ್ಜಿಗೆ 3.3 ಯೂನಿಟ್ ಓಡಿರುತ್ತದೆ. ಎಲ್ಲಿ ಸೋರುತ್ತಿದೆ?

ಉತ್ತರ: 3.3ರ ಪ್ರಶ್ನೆ ಸುಲಭ. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ ಚಾರ್ಜರ್ ಮತ್ತು ಬ್ಯಾಟರಿ ಬಿಸಿಯಾಗಿ ಶೇ 12ರಿಂದ 15 ಹೋಗುತ್ತದೆ. ಡ್ಯಾಷ್‌ಬೋರ್ಡ್ ತೋರಿಸುವುದು ಬ್ಯಾಟರಿಯಿಂದ ಆಚೆಗಿನ ಲೆಕ್ಕ, ನೀವು ದುಡ್ಡು ಕೊಡುವುದು ಗೋಡೆಯ ಲೆಕ್ಕಕ್ಕೆ. ಖರ್ಚು ಹಾಕುವಾಗ 3.3ನ್ನೇ ಹಿಡಿಯಿರಿ: ಕಿ.ಮೀ.ಗೆ 35 ವ್ಯಾಟ್‌ಅವರ್ (1,000 ವ್ಯಾಟ್‌ಅವರ್ ಎಂದರೆ ಒಂದು ಯೂನಿಟ್), ಯೂನಿಟ್ಟಿಗೆ 7 ರೂಪಾಯಿ ಎಂದುಕೊಂಡರೆ 25 ಪೈಸೆ.

ಇನ್ನು 95. ಗಾಡಿ, ಸವಾರ ಸೇರಿ 185 ಕೆ.ಜಿ. ಉರುಳು ಘರ್ಷಣೆ 27 ನ್ಯೂಟನ್. ನೆಟ್ಟಗೆ ಕೂತ ಮನುಷ್ಯನಿಗೆ ಗಾಳಿಯ ತಡೆ ತೂಕದ ಹೋಲಿಕೆಯಲ್ಲಿ ಬಹಳ ಹೆಚ್ಚು: 40ರಲ್ಲೇ 41 ನ್ಯೂಟನ್. ನ್ಯೂಟನ್ನನ್ನು 3.6ರಿಂದ ಭಾಗಿಸಿದರೆ ಕಿ.ಮೀ.ಗೆ ವ್ಯಾಟ್‌ಅವರ್ ಸಿಗುತ್ತದೆ, ಹಾಗಾಗಿ 68 ನ್ಯೂಟನ್ ಎಂದರೆ 19. ನಿಂತು ಪ್ರತಿಸಲ 40ಕ್ಕೆ ಏರಲು 3.2 ವ್ಯಾಟ್‌ಅವರ್. ಕಿ.ಮೀ.ಗೆ ಒಂದೂವರೆ ಸಲ ನಿಂತರೆ ಸುಮಾರು 5. ಒಟ್ಟು 24, ಮೋಟಾರು ಮತ್ತು ಕಂಟ್ರೋಲರಿನ ನಷ್ಟ ಸೇರಿ 30. 2.9 ಯೂನಿಟ್ಟಿಗೆ 97 ಕಿ.ಮೀ. ಇನ್ನೊಬ್ಬರು ಕೂತಾಗ ಗಾಳಿಯ ಪಾಲು ಅಷ್ಟಾಗಿ ಬದಲಾಗುವುದಿಲ್ಲ, ಟೈರು ಮತ್ತು ನಿಲುಗಡೆಯ ಪಾಲು ಮೂರನೇ ಒಂದಂಶ ಏರಿ 35 ಆಗುತ್ತದೆ, ಅಂದರೆ 83 ಕಿ.ಮೀ. ಏನೂ ಸೋರುತ್ತಿಲ್ಲ.

ಪ್ರಶ್ನೆ (ಮಂಗಳೂರು): ಎಲೆಕ್ಟ್ರಿಕ್ ಕಾರಿನಲ್ಲಿ (ಬಳಕೆಗೆ 38 ಯೂನಿಟ್) ಸಕಲೇಶಪುರಕ್ಕೆ ಹೋಗಿ ಅದೇ ಚಾರ್ಜಿನಲ್ಲಿ ಬರಬಹುದೇ? ಘಾಟಿ ಎಷ್ಟು ತಿನ್ನುತ್ತದೆ?

ಉತ್ತರ: ಘಾಟಿಯ ಲೆಕ್ಕ ಎಲ್ಲಕ್ಕಿಂತ ಖಚಿತ, ಏಕೆಂದರೆ ಅಲ್ಲಿ ಬೇಕಾದದ್ದು ತೂಕ ಮತ್ತು ಎತ್ತರ ಎರಡೇ. ಜನ, ಸಾಮಾನು ಸೇರಿ 1,800 ಕೆ.ಜಿ., ಏರು ಸುಮಾರು 930 ಮೀಟರ್. ಇವೆರಡನ್ನೂ 9.81ರಿಂದ ಗುಣಿಸಿ 36 ಲಕ್ಷದಿಂದ ಭಾಗಿಸಿದರೆ 4.6 ಯೂನಿಟ್. ಮೋಟಾರಿನ ನಷ್ಟ ಸೇರಿ ಬ್ಯಾಟರಿಯಿಂದ 5.2. ದಾರಿಯಲ್ಲಿ ಎಷ್ಟು ತಿರುವು ಇವೆ, ಎಷ್ಟು ಕಡಿದಾಗಿದೆ ಎಂಬುದು ಈ ಅಂಕಿಯನ್ನು ಬದಲಿಸುವುದಿಲ್ಲ.

ಸಮತಟ್ಟಿನಲ್ಲಿ ನಿಮ್ಮ ಕಾರು ಎಸಿ ಸಮೇತ ಕಿ.ಮೀ.ಗೆ 130 ವ್ಯಾಟ್‌ಅವರ್ ತೆಗೆದುಕೊಂಡರೆ ಸುಮಾರು 130 ಕಿ.ಮೀ.ಗೆ 17 ಯೂನಿಟ್. ಹೋಗುವಾಗ ಒಟ್ಟು 22. ಇಳಿಯುವಾಗ ಘಾಟಿ ವಾಪಸ್ ಕೊಡುವುದು 3ರಿಂದ 3.5 ಯೂನಿಟ್. ಉದಾಹರಣೆಗೆ ಶೇ 6ರ ಇಳಿಜಾರಿನಲ್ಲಿ ಕಾರನ್ನು ಕೆಳಕ್ಕೆ ಎಳೆಯುವ ಬಲ 1,060 ನ್ಯೂಟನ್. ಅದರಲ್ಲಿ 40ರ ವೇಗದಲ್ಲಿ ಟೈರು, ಗಾಳಿ ಸೇರಿ 250 ತೆಗೆದುಕೊಳ್ಳುತ್ತವೆ, ಉಳಿದ 810ರಲ್ಲಿ ಮುಕ್ಕಾಲು ಭಾಗ ಬ್ಯಾಟರಿಗೆ ಬರುತ್ತದೆ. ಬರುವಾಗ ಸುಮಾರು 14, ಎರಡೂ ಸೇರಿ 36. ಅಂದರೆ 38ರಲ್ಲಿ ಉಳಿಯುವುದು ಎರಡೇ. ಮಳೆಗಾಲದಲ್ಲಿ ನೀರು ನಿಂತ ರಸ್ತೆ ಉರುಳು ಘರ್ಷಣೆಯನ್ನು ಏರಿಸುತ್ತದೆ, ಗುಂಡ್ಯದ ಮೇಲೆ ಲಾರಿ ಸಾಲು ಸಿಕ್ಕಿದರೆ ಎಸಿ ಮಾತ್ರ ಓಡುತ್ತಿರುತ್ತದೆ. ಈ ಧೈರ್ಯ ಬೇಡ, ಮೇಲೆ ಒಂದಿಷ್ಟು ಚಾರ್ಜ್ ಹಾಕಿಕೊಳ್ಳಿ.

ಆದರೆ ಸಕಲೇಶಪುರದಲ್ಲಿ 100ರವರೆಗೆ ತುಂಬಿಸಬೇಡಿ. ಊರು ದಾಟಿ ದೋಣಿಗಾಲ್ ಬಂದೊಡನೆ ಇಳಿಜಾರು ಶುರು, ತುಂಬಿದ ಬ್ಯಾಟರಿ ಏನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ರೀಜೆನ್ (ಮೋಟಾರೇ ಕಾರನ್ನು ತಡೆದು ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವ ವ್ಯವಸ್ಥೆ) ಕೈಕೊಟ್ಟು ಇಡೀ ಘಾಟಿ ಸಾಮಾನ್ಯ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಬಿಸಿಯಾಗುತ್ತದೆ. 90ಕ್ಕೆ ನಿಲ್ಲಿಸಿದರೆ 3.8 ಯೂನಿಟ್ ಜಾಗ ಇರುತ್ತದೆ, ಸಾಕು.

ಪ್ರಶ್ನೆ (ಹುಬ್ಬಳ್ಳಿ): 16 ಟನ್ ಒಟ್ಟು ತೂಕದ ಲಾರಿ, ಅಂಕೋಲಾದಿಂದ ತುಂಬಿ ಬಂದು ಖಾಲಿ ಹೋಗುತ್ತದೆ. ಡ್ರೈವರ್ ಏರುವಾಗ 4.3, ಇಳಿಯುವಾಗ 8 ಎಂದು ಬರೆಯುತ್ತಾನೆ. ನಂಬಬಹುದೇ?

ಉತ್ತರ: ನಂಬಬಹುದು. 16 ಟನ್ನಿಗೆ ರೇಡಿಯಲ್ ಟೈರಿನ ಘರ್ಷಣೆ 1,100 ನ್ಯೂಟನ್, 60ರ ವೇಗದಲ್ಲಿ ಗಾಳಿ 960ರ ಹತ್ತಿರ. ಡೀಸೆಲ್ ಎಂಜಿನ್ ಶೇ 36 ದಕ್ಷತೆಯಲ್ಲಿ ಕೆಲಸ ಮಾಡಿದರೆ ಸಮ ರಸ್ತೆಯಲ್ಲಿ ಲೀಟರಿಗೆ 6.3 ಬರಬೇಕು. ಸುಮಾರು 135 ಕಿ.ಮೀ.ಗೆ 21.5 ಲೀಟರ್. ಅರಬೈಲ್ ಘಾಟಿ ಸೇರಿ ಹುಬ್ಬಳ್ಳಿವರೆಗಿನ 650 ಮೀಟರ್ ಏರಿಗೆ ಇನ್ನು ಏಳೂವರೆ, ಊರೊಳಗಿನ ನಿಲುಗಡೆಗೆ ಎರಡು. ಒಟ್ಟು 31 ಲೀಟರ್, ಅಂದರೆ 4.3. ಖಾಲಿ ಲಾರಿ 6 ಟನ್ನಾದರೆ ಟೈರಿನ ಪಾಲು 410ಕ್ಕೆ ಇಳಿಯುತ್ತದೆ, ಗಾಳಿಯ 960 ಹಾಗೇ ಉಳಿಯುತ್ತದೆ. ಸುಮಾರು 17 ಲೀಟರ್, 8 ಕಿ.ಮೀ. ಟಾರ್ಪಾಲು ಸಡಿಲವಾಗಿ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಗಾಳಿಯ ಪಾಲು ಇನ್ನೂ ಏರುತ್ತದೆ, ಬಿಗಿಯಾಗಿ ಕಟ್ಟಿಸಿ.

ಲೆಕ್ಕದ ಪುಸ್ತಕದಲ್ಲಿ 4.3 ಮತ್ತು 8ರ ಸರಾಸರಿ 6.15 ಎಂದು ಬರೆಯಬೇಡಿ. 270 ಕಿ.ಮೀ.ಗೆ 48 ಲೀಟರ್, ಆದ್ದರಿಂದ 5.6. ಕಿ.ಮೀ.ಯನ್ನು ಕಿ.ಮೀ.ಯೊಂದಿಗೆ, ಲೀಟರನ್ನು ಲೀಟರಿನೊಂದಿಗೆ ಕೂಡಿಸಿ ಕೊನೆಗೆ ಒಮ್ಮೆ ಮಾತ್ರ ಭಾಗಿಸಬೇಕು. ಡ್ರೈವರುಗಳ ಮೇಲಿನ ಎಷ್ಟೋ ಅನುಮಾನ ಈ ಒಂದು ತಪ್ಪಿನಿಂದ ಹುಟ್ಟುತ್ತದೆ.

ಪ್ರಶ್ನೆ (ಶಿರಸಿ): ಟ್ಯಾಂಕ್ ಫುಲ್ ಮಾಡಿಸಿ ನೋಡಿದರೆ ಪ್ರತಿಸಲ ಬೇರೆ ಬೇರೆ ಮೈಲೇಜು. ಒಬಿಡಿ ಪ್ಲಗ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಹಾಕಿದರೆ ಮೊಬೈಲಿನಲ್ಲಿ ಇನ್ನೊಂದೇ. ಯಾವುದು ಸರಿ?

ಉತ್ತರ: ಟ್ಯಾಂಕಿನದೇ ಸರಿ, ಸರಿಯಾಗಿ ಮಾಡಿದರೆ. ನಾಝಲ್ ತಾನಾಗಿ ಕಟ್ ಆಗುವ ಮಟ್ಟ ಅರ್ಧ ಲೀಟರ್ ಆಚೀಚೆ ಆಗುತ್ತದೆ. 10 ಲೀಟರ್ ಹಾಕಿಸಿದಾಗ ಅದು ಶೇ 5 ತಪ್ಪು, 35 ಲೀಟರಿಗೆ ಶೇ 1.5ರಷ್ಟೇ. ಆದ್ದರಿಂದ ಟ್ಯಾಂಕ್ ಬಹುಪಾಲು ಖಾಲಿಯಾದ ಮೇಲೆ, ಅದೇ ಬಂಕಿನ ಅದೇ ಪಂಪಿನಲ್ಲಿ, ಗಾಡಿ ಅದೇ ದಿಕ್ಕಿಗೆ ನಿಲ್ಲಿಸಿ, ಮೊದಲ ಕಟ್‌ಗೇ ಸಾಕು ಎನ್ನಿ. ರೌಂಡ್ ಫಿಗರ್ ಮಾಡಿಸಿದರೆ ಅಳತೆ ಕೆಟ್ಟಿತು. ಓಡೋಮೀಟರನ್ನು ಒಮ್ಮೆ 50 ಕಿ.ಮೀ. ಜಿಪಿಎಸ್ ಜತೆ ಹೋಲಿಸಿಕೊಳ್ಳಿ. ಟೈರಿನ ಅಳತೆ ಬದಲಿಸಿದ್ದರೆ ಇದು ತಪ್ಪದೆ ಬೇಕು.

ಆ್ಯಪ್ ಇಂಧನವನ್ನು ಅಳೆಯುವುದಿಲ್ಲ. ಎಂಜಿನ್ ಎಳೆದ ಗಾಳಿಯನ್ನು 14.7ರಿಂದ ಭಾಗಿಸಿ ಊಹಿಸುತ್ತದೆ. ಒಂದು ಕೆ.ಜಿ. ಶುದ್ಧ ಪೆಟ್ರೋಲ್ ಉರಿಯಲು ಬೇಕಾದ ಗಾಳಿ ಅಷ್ಟು ಕೆ.ಜಿ., ಇ20ಗೆ ಸುಮಾರು 13.5. ಸೆಟ್ಟಿಂಗ್ ಬದಲಿಸದಿದ್ದರೆ ಇಂಧನದ ಖರ್ಚನ್ನು ಶೇ 8ರಷ್ಟು ಕಡಿಮೆ ತೋರಿಸುತ್ತದೆ. ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಸೆನ್ಸರ್ ಇಲ್ಲದ ಕಾರಾದರೆ ಗಾಳಿಯೂ ಊಹೆಯೇ. ಮೂರು ಟ್ಯಾಂಕಿನ ಒಟ್ಟು ಲೆಕ್ಕಕ್ಕೆ ಆ್ಯಪ್ ಅಂಕಿಯನ್ನು ಹೊಂದಿಸಿಕೊಳ್ಳಿ. ಡೀಸೆಲ್ ಕಾರಿಗೆ ಈ ವಿಧಾನವೇ ನಡೆಯದು, ಅಲ್ಲಿ ಗಾಳಿಗೂ ಇಂಧನಕ್ಕೂ ನಿಗದಿತ ಪ್ರಮಾಣವಿಲ್ಲ.

ಪ್ರಶ್ನೆ (ತುಮಕೂರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು): ಉರುಳು ಘರ್ಷಣೆ, ಗಾಳಿಯ ತಡೆ ಇವನ್ನು ನಮ್ಮದೇ ಕಾರಿನಲ್ಲಿ ಅಳೆಯುವುದು ಹೇಗೆ?

ಉತ್ತರ: ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ತಾನಾಗಿ ನಿಧಾನವಾಗಲು ಬಿಡುವ ಪರೀಕ್ಷೆ ಮಾಡಿ. ವೇಗ 25ರಿಂದ 15ಕ್ಕೆ, ಮತ್ತೆ 85ರಿಂದ 75ಕ್ಕೆ ಇಳಿಯಲು ಹಿಡಿಯುವ ಸೆಕೆಂಡುಗಳನ್ನು ಜಿಪಿಎಸ್ ವೇಗದಿಂದ ತೆಗೆಯಿರಿ. ಸ್ಪೀಡೋಮೀಟರ್ ಬೇಡ, ಅದು ಹೆಚ್ಚು ತೋರಿಸುವಂತೆಯೇ ಮಾಡಿರುತ್ತಾರೆ. 1,250 ಕೆ.ಜಿ. ಕಾರಿಗೆ ತಿರುಗುವ ಚಕ್ರಗಳ ಜಡತ್ವಕ್ಕೆ ಶೇ 3 ಸೇರಿಸಿ 1,290 ಹಿಡಿಯಿರಿ. 10 ಕಿ.ಮೀ. ಇಳಿಕೆ ಎಂದರೆ ಸೆಕೆಂಡಿಗೆ 2.78 ಮೀಟರ್. ಮೊದಲನೆಯದಕ್ಕೆ 22.6 ಸೆಕೆಂಡ್, ಎರಡನೆಯದಕ್ಕೆ 10.8 ಬಂದರೆ ಬಲಗಳು 159 ಮತ್ತು 332 ನ್ಯೂಟನ್. ಇವುಗಳ ವ್ಯತ್ಯಾಸ 173 ಪೂರ್ತಿ ಗಾಳಿಯದು. ಗಾಳಿಯ ಸಾಂದ್ರತೆಯ ಅರ್ಧ, ಮತ್ತು 80, 20ರ ವೇಗಗಳ ವರ್ಗಗಳ ವ್ಯತ್ಯಾಸ (463), ಇವುಗಳಿಂದ ಭಾಗಿಸಿದರೆ ಆಕಾರ ಗುಣಾಂಕ ಮತ್ತು ವಿಸ್ತೀರ್ಣದ ಗುಣಲಬ್ಧ 0.70. 20ರಲ್ಲಿ ಗಾಳಿಯ ಪಾಲು 12 ಕಳೆದರೆ ಉಳಿದ 147 ಟೈರಿನದು.

ಶೇ 0.2ರ ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಟೈರಿನ ಅಂಕಿಯನ್ನು ಆರನೇ ಒಂದರಷ್ಟು ಕೆಡಿಸುತ್ತದೆ. ಹಾಗಾಗಿ ಎರಡೂ ದಿಕ್ಕಿನಲ್ಲಿ ಓಡಿಸಿ, ಬಲಗಳ ಸರಾಸರಿ ತೆಗೆಯಿರಿ. ಗಾಳಿ ಬೀಸದ ಬೆಳಗಿನ ಹೊತ್ತು ಒಳ್ಳೆಯದು, ಅದಕ್ಕೂ ಮುಂಚೆ ಟೈರು ಬಿಸಿಯಾಗುವಷ್ಟು ಓಡಿಸಿರಬೇಕು. ಎಂಜಿನ್ ಆಫ್ ಮಾಡಕೂಡದು: ಬ್ರೇಕಿನ ಮತ್ತು ಸ್ಟೀರಿಂಗಿನ ಸಹಾಯ ಹೋಗುತ್ತದೆ. ಆಟೋಮ್ಯಾಟಿಕ್ ಕಾರು ಬೇಡ. ಹೆದ್ದಾರಿಯಲ್ಲೂ ಬೇಡ, ಮುಚ್ಚಿದ ರಸ್ತೆ ಸಿಕ್ಕಿದರೆ ಮಾತ್ರ. ಅಲ್ಲಿ 85 ಮುಟ್ಟಲು ಜಾಗವಿಲ್ಲದಿದ್ದರೆ 55ರಿಂದ 45 ಅಳೆಯಬಹುದು. ಆದರೆ ಆಗ ಸಮಯದಲ್ಲಿ ಒಂದು ಸೆಕೆಂಡ್ ತಪ್ಪಿದರೂ ಗಾಳಿಯ ಅಂಕಿ ಶೇ 20ಕ್ಕಿಂತ ಹೆಚ್ಚು ತಪ್ಪುತ್ತದೆ, ಆದ್ದರಿಂದ ಪ್ರತಿ ದಿಕ್ಕಿಗೂ ಕನಿಷ್ಠ ಐದಾರು ಓಟ ಬೇಕು.